ಗೇಟಿನ ಪುಸ್ತಕದಲ್ಲಿ ಗಂಡನ ಲೆಕ್ಕ

ದಂಪತಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಹಿಂದಿನ ಉದ್ಯೋಗ ಎಲ್ಲವನ್ನೂ ಬದಲಿಸಿದ್ದೇನೆ. ಆಕೆ ಮಾರ್ಥಾ, ಆತ ರೇ ಎಂದಿಟ್ಟುಕೊಳ್ಳೋಣ. ಇಬ್ಬರಿಗೂ ಅರವತ್ತು ದಾಟಿದೆ, ಅರವತ್ತೈದು ತುಂಬಿಲ್ಲ. ಅಮೆರಿಕದ ಉತ್ತರದ ರಾಜ್ಯವೊಂದರಲ್ಲಿದ್ದ ಮನೆ ಮಾರಿ, ಬಂದ ಹಣದಲ್ಲಿ ಪಿಕಪ್ ಟ್ರಕ್ಕನ್ನೂ ಅದರ ಹಿಂದೆ ಎಳೆದೊಯ್ಯುವ, ಒಳಗೇ ಸಂಸಾರ ಹೂಡಬಹುದಾದ ಆರ್‌ವಿ ಟ್ರೈಲರನ್ನೂ ಕೊಂಡು ದೇಶ ಸುತ್ತಲು ಹೊರಟವರು. ಕೈಯಲ್ಲಿದ್ದ ದುಡ್ಡು ಕರಗಿದಾಗ ದಕ್ಷಿಣ ಟೆಕ್ಸಸ್‌ನಲ್ಲಿ ಗೇಟ್ ಗಾರ್ಡ್ ಕೆಲಸ ಹಿಡಿದರು. ಆಗ ಆಡಿಕೊಂಡ ಮಾತು ‘ಆರು ತಿಂಗಳು ಮಾಡೋಣ’ ಎಂದು. ಆಪ್ತಸಲಹೆಗಾಗಿ ನನ್ನ ಬಳಿ ಬರುವ ಹೊತ್ತಿಗೆ ಮೂರನೇ ಬೇಸಿಗೆ ನಡೆದಿತ್ತು.

ಈ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಸ್ಯಾನ್ ಆಂಟೋನಿಯೊದಿಂದ ದಕ್ಷಿಣಕ್ಕೆ ಕೊಟುಲಾ, ಕರೀಜೊ ಸ್ಪ್ರಿಂಗ್ಸ್, ಕಾರ್ನ್ಸ್ ಸಿಟಿ ಕಡೆಯ ನೆಲದಡಿ ಈಗಲ್ ಫೋರ್ಡ್ ಶೇಲ್ ಎಂಬ ಬಂಡೆಯ ಪದರವಿದೆ. 2008ರಿಂದೀಚೆಗೆ ಅಲ್ಲಿ ತೈಲ, ಅನಿಲ ತೆಗೆಯುವ ಭರಾಟೆ. ಬಾವಿಗಳು ಇರುವುದು ಖಾಸಗಿ ರ‍್ಯಾಂಚ್‌ಗಳ ಒಳಗೆ. ಯಾರು ಬಂದರು, ಯಾರು ಹೋದರು ಎಂಬ ಲೆಕ್ಕ ಜಮೀನಿನವನಿಗೂ ಬೇಕು, ತೈಲ ಕಂಪನಿಗೂ ಬೇಕು. ಹಾಗಾಗಿ ಗೇಟಿನ ಪಕ್ಕದಲ್ಲೇ ಒಂದು ಆರ್‌ವಿ ನಿಲ್ಲಿಸಿ, ಅದರಲ್ಲಿರುವ ಗಂಡ ಹೆಂಡತಿಗೆ ಇಪ್ಪತ್ನಾಲ್ಕು ಗಂಟೆಯ ಕಾವಲು ವಹಿಸುತ್ತಾರೆ. ಜನರೇಟರ್, ಡೀಸೆಲ್, ನೀರಿನ ಟ್ಯಾಂಕ್, ಶೌಚದ ಟ್ಯಾಂಕ್, ದೀಪದ ಕಂಬ ಎಲ್ಲ ಗುತ್ತಿಗೆ ಕಂಪನಿಯದೇ. ರಸ್ತೆಗಡ್ಡ ಒಂದು ರಬ್ಬರ್ ಕೊಳವೆ ಹಾಸಿರುತ್ತಾರೆ. ಚಕ್ರ ಅದರ ಮೇಲೆ ಹತ್ತಿದರೆ ಟ್ರೈಲರಿನೊಳಗೆ ಗಂಟೆ ಬಾರಿಸುತ್ತದೆ. ಎದ್ದು, ಪ್ರತಿಫಲಿಸುವ ಜಾಕೆಟ್ ತೊಟ್ಟು, ಹೊರಗೆ ಹೋಗಿ ಹೆಸರು, ಕಂಪನಿ, ನಂಬರ್ ಪ್ಲೇಟ್, ವೇಳೆ ಬರೆದುಕೊಳ್ಳಬೇಕು. ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಯಿಂದ ಲೈಸೆನ್ಸ್ ಬೇಕು. ಇವರದು ನಿಶ್ಶಸ್ತ್ರ ಗಾರ್ಡ್ ವರ್ಗ, ಕೆಲಸದ ವೇಳೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕೆಳಗೆ, ಸಂಪಿನ ಪಕ್ಕದ ಕೋಣೆಯಲ್ಲಿ ಸಂಸಾರ ಹೂಡಿರುವ ವಾಚ್‌ಮನ್ ದಂಪತಿಯನ್ನು ನೋಡಿದವರಿಗೆ ಇದು ತೀರಾ ಹೊಸದೇನಲ್ಲ.

ಇವರಿಗೆ ಸಿಗುತ್ತಿದ್ದುದು ಇಬ್ಬರಿಗೂ ಸೇರಿ ದಿನಕ್ಕೆ 150 ಡಾಲರ್. ಗಂಟೆಗೆ 6.25 ಬಿತ್ತು, ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ 7.25. ಆದರೆ ಇವರು ನೌಕರರಲ್ಲ, ‘ಸ್ವತಂತ್ರ ಗುತ್ತಿಗೆದಾರರು’. ಇಂಥ ಗಾರ್ಡ್‌ಗಳು ನೌಕರರೇ ಅಲ್ಲವೇ ಎಂಬ ವ್ಯಾಜ್ಯ ಕಾರ್ಮಿಕ ಇಲಾಖೆಗೂ ಒಂದು ಕಂಪನಿಗೂ ನಡುವೆ ಕೋರ್ಟಿನವರೆಗೆ ಹೋಗಿ, 2013ರಲ್ಲಿ ತೀರ್ಪು ಕಂಪನಿಯ ಪರವಾಗಿಯೇ ಬಂದಿದೆ.

ನಾನು ಟೆಕ್ಸಸ್‌ನಲ್ಲಿ ಲೈಸೆನ್ಸ್ ಪಡೆದ ಆಪ್ತಸಲಹೆಗಾರ್ತಿ. ಮಾರ್ಥಾ ಫೋನಿನಲ್ಲೇ ಮಾತಾಡುತ್ತಿದ್ದರು; ವಿಡಿಯೊಗೆ ಅಲ್ಲಿ ಸಿಗ್ನಲ್ ಸಾಲದು. ಮಾತಿನ ನಡುವೆ ಗಂಟೆ ಹೊಡೆಯುತ್ತಿತ್ತು. “ಒಂದು ನಿಮಿಷ” ಎಂದು ಫೋನನ್ನು ಮೇಜಿನ ಮೇಲಿಟ್ಟು ಹೊರಡುವರು. ದೂರದಲ್ಲಿ ಟ್ರಕ್ಕಿನ ಬ್ರೇಕ್ ಚೀರುವುದು, “ಹೇರಿದ್ದು ಮರಳೋ ನೀರೋ?” ಎಂದು ಇವರು ಕೇಳುವುದು ನನಗೆ ಕೇಳಿಸುತ್ತಿತ್ತು. ಮರಳಿ ಬಂದಾಗ ಬಿಟ್ಟ ವಾಕ್ಯ ನೆನಪಿರುತ್ತಿರಲಿಲ್ಲ. ಅಳುತ್ತಿದ್ದವರೂ ಅಳು ಮರೆತು ಬರುತ್ತಿದ್ದರು.

ಜಗಳ ಶುರುವಾದದ್ದು ಗೇಟಿನ ಪುಸ್ತಕದಿಂದ. ಅದರ ಕೊನೆಯ ಹಾಳೆಗಳಲ್ಲಿ ಮಾರ್ಥಾ ತನಗೇ ಅರಿವಿಲ್ಲದೆ ಗಂಡನ ಓಡಾಟ ಬರೆಯತೊಡಗಿದ್ದರು. ‘ರೇ, ಹೊರಗೆ 2.10, ಒಳಗೆ 2.40.’ ‘ರೇ, ಮಲಗಿದ್ದು 7.15.’ ಒಂದು ದಿನ ಆತ ಹಾಳೆ ತಿರುವಿದಾಗ ಕಣ್ಣಿಗೆ ಬಿತ್ತು. “ನನ್ನ ಮೇಲೆ ಅನುಮಾನವೇ ನಿನಗೆ?” ಎಂದು ಕೂಗಾಡಿದರಂತೆ. ಆಕೆಯ ಬಳಿ ಉತ್ತರವಿರಲಿಲ್ಲ. “ಅನುಮಾನ ಏನೂ ಇಲ್ಲ. ಕೈ ತಾನಾಗಿ ಬರೆಯುತ್ತೆ. ನನಗೆ ಹುಚ್ಚು ಹಿಡಿಯುತ್ತಿದೆಯಾ?” ಎಂಬುದು ನನಗೆ ಅವರು ಕೇಳಿದ ಮೊದಲ ಪ್ರಶ್ನೆ.

ಹುಚ್ಚಿಗೂ ಇದಕ್ಕೂ ಸಂಬಂಧವಿಲ್ಲ ಎಂದೆ. ಬರೆದದ್ದನ್ನು ಆಕೆ ಎಂದೂ ಪರಿಶೀಲಿಸಿಲ್ಲ, ಗಂಡನನ್ನು ಪ್ರಶ್ನಿಸಿಲ್ಲ, ಅವನ ಫೋನ್ ನೋಡಿಲ್ಲ. ಅನುಮಾನದ ಕಾಯಿಲೆ ಹೀಗಿರುವುದಿಲ್ಲ. ನನ್ನ ಗಮನ ಹೋದದ್ದು ನಿದ್ದೆಯ ಕಡೆಗೆ. ಆಕೆಯ ಪಾಳಿ ಸಂಜೆ ಆರರಿಂದ ಬೆಳಗಿನ ಆರು. ಹಗಲು ಮಲಗಬೇಕು, ಹೊರಗೆ 38–40 ಡಿಗ್ರಿ ಬಿಸಿಲು. ಕಿಟಕಿಗೆಲ್ಲ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದ್ದರು. ಎಂಜಿನ್ ಆಯಿಲ್ ಬದಲಿಸಲು ಜನರೇಟರ್ ನಿಲ್ಲಿಸಿದರೆ ಎ.ಸಿ. ನಿಂತು ತಗಡಿನ ಪೆಟ್ಟಿಗೆ ಕಾದು ಎಚ್ಚರವಾಗುತ್ತದೆ. ಅದರ ಮೇಲೆ, ಆ ಬಾವಿ ಕೊರೆಯುವ ಹಂತ ಮುಗಿದು ಫ್ರ್ಯಾಕಿಂಗ್ ಶುರುವಾಗಿತ್ತು. ಬಂಡೆ ಸೀಳಲು ನೀರು, ಮರಳು ಹೊತ್ತ ಟ್ರಕ್ಕುಗಳು ರಾತ್ರಿಯಿಡೀ ಸಾಲುಗಟ್ಟುವ ಹಂತ ಅದು. ಹಗಲೂ ಕಡಿಮೆಯೇನಲ್ಲ, ಗಂಟೆ ಮಲಗಿದವರ ತಲೆಯ ಮೇಲೇ ಬಾರಿಸುತ್ತದೆ. ನಾಲ್ಕು ಗಂಟೆ ನಿದ್ದೆಯಾದರೆ ಅದೃಷ್ಟ. ಬಿಸಿಲಲ್ಲಿ ಹನ್ನೆರಡು ಗಂಟೆ ನಿಂತ ರೇ, ಪಾಳಿ ಮುಗಿಸಿ ಊಟ ಮಾಡಿದವರೇ ಹಾಸಿಗೆ ಸೇರುತ್ತಿದ್ದರು. ಒಂದೇ ಸೂರಿನಡಿ ಇದ್ದೂ ಇಬ್ಬರೂ ಮುಖ ಕೊಟ್ಟು ಮಾತಾಡಿ ತಿಂಗಳುಗಳಾಗಿದ್ದವು.

ಹೀಗೆ ನಿದ್ದೆಗೆಟ್ಟವರಲ್ಲಿ ಖಿನ್ನತೆಯ ಬಹುತೇಕ ಲಕ್ಷಣ ಕಾಣುತ್ತವೆ. ಖಿನ್ನತೆ ಎಂದು ಹೆಸರಿಟ್ಟು ಅಲ್ಲಿಗೇ ನಿಲ್ಲುವುದು ಸುಲಭ, ಆದರೆ ನಿದ್ದೆ ಸರಿಯಾಗುವ ಮುಂಚೆ ಆ ತೀರ್ಮಾನಕ್ಕೆ ಬರುವುದು ನನಗೆ ಒಪ್ಪಿಗೆಯಿಲ್ಲ. ಒಂದು ಮಾತ್ರ ಕಾಯುವಂತಿರಲಿಲ್ಲ. ಸಾಯಬೇಕು ಎನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. “ಸಾಯಬೇಕು ಅಂತಲ್ಲ, ಏಳದೇ ಇದ್ದರೆ ಚೆನ್ನ ಅನಿಸುತ್ತೆ” ಎಂದರು. ಟ್ರೈಲರಿನಲ್ಲಿ ರೇ ಅವರ ಸ್ವಂತದ್ದೊಂದು ಪಿಸ್ತೂಲು ಇತ್ತು. ಅದನ್ನು ಅವತ್ತೇ ಬೀಗದ ಪೆಟ್ಟಿಗೆಗೆ ಹಾಕಿ, ಗುಂಡುಗಳನ್ನು ಬೇರೆ ಕಡೆ ಇಟ್ಟು, ಕೀಲಿ ರೇ ಕೈಯಲ್ಲಿರುವಂತೆ ಮಾಡಿಸಿದೆ. ಆತ್ಮಹತ್ಯೆ ತಡೆಯುವ 988 ಸಹಾಯವಾಣಿಯ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಲು ಹೇಳಿದೆ. ಹತ್ತಿರದ ಕ್ಲಿನಿಕ್ಕಿಗೆ ಕಳಿಸಿ ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ನೋಡಿಸಿದೆ. ರಕ್ತದೊತ್ತಡ ಹೆಚ್ಚಿತ್ತು, ಔಷಧಿ ಶುರುವಾಯಿತು.

ಪಿಸ್ತೂಲಿನ ಮಾತು ಬಂದಮೇಲೆಯೇ ರೇ ಕೂಡ ಫೋನಿಗೆ ಬಂದರು. ಅದುವರೆಗೆ ‘ಅವಳಿಗೆ ರಜೆ ಬೇಕು ಅಷ್ಟೇ’ ಎನ್ನುತ್ತಿದ್ದವರು.

ಪಾಳಿಯ ವೇಳೆ ಬದಲಿಸಿ ಎಂದೆ. ಆರು–ಆರರ ಬದಲು ಎರಡು–ಎರಡು. ರೇ ಬೆಳಗಿನ ಜಾವ ಎರಡರಿಂದ ಮಧ್ಯಾಹ್ನ ಎರಡರವರೆಗೆ, ಮಾರ್ಥಾ ಉಳಿದ ಹೊತ್ತು. ಆತ ಸಂಜೆ ಆರಕ್ಕೇ ಮಲಗಿ ಒಂದಕ್ಕೆ ಏಳಬಹುದು. ಆಕೆ ಮೂರಕ್ಕೆ ಮಲಗಿ ಹತ್ತಕ್ಕೆ ಏಳಬಹುದು. ಇಬ್ಬರಿಗೂ ಕತ್ತಲಿನ ನಿದ್ದೆಯಲ್ಲಿ ಪಾಲು ಸಿಗುತ್ತದೆ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಇಬ್ಬರೂ ಎಚ್ಚರವಿರುತ್ತಾರೆ. ಒಬ್ಬರು ಕೆಲಸದಲ್ಲಿದ್ದರೂ ಟ್ರೈಲರಿನ ಬಟ್ಟೆಯ ಚಪ್ಪರದಡಿ ಒಟ್ಟಿಗೆ ಊಟ ಮಾಡಲು ಅಡ್ಡಿಯಿಲ್ಲ. ಗಂಟೆಯನ್ನು ಟ್ರೈಲರಿನೊಳಗಿಂದ ಚಪ್ಪರಕ್ಕೆ ಸ್ಥಳಾಂತರಿಸಿ, ಪಾಳಿಯಲ್ಲಿದ್ದವರು ಅಲ್ಲೇ ಕೂರಲಿ ಎಂದೆ. ರಾತ್ರಿ ಹತ್ತರ ನಂತರ ಮಾರ್ಥಾಗೆ ಕಾಫಿ ಇಲ್ಲ. ಇದಕ್ಕೇ ಆಕೆ ಅತಿ ಹೆಚ್ಚು ವಾದ ಮಾಡಿದ್ದು!

ಪಾಳಿ ಮುಗಿಸಿ ನಿದ್ದೆ ಮಾಡದೆ ಸಾಮಾನು ತರಲು ಪಟ್ಟಣಕ್ಕೆ ಗಾಡಿ ಓಡಿಸುವುದು ಬೇಡವೆಂದು ಖಂಡಿತವಾಗಿ ಹೇಳಿದೆ. ಹದಿನೇಳು ಗಂಟೆ ಎದ್ದಿದ್ದವರ ಸ್ಥಿತಿ ರಕ್ತದಲ್ಲಿ 0.05 ಶೇಕಡ ಮದ್ಯವಿದ್ದವರಂತಿರುತ್ತದೆ, ಇಪ್ಪತ್ನಾಲ್ಕು ಗಂಟೆಯಾದರೆ 0.10. ಟೆಕ್ಸಸ್‌ನ ಕಾನೂನು ಮಿತಿ 0.08. ರೇ ಒಬ್ಬ ಹಳೆಯ ಡ್ರೈವರ್. ಬೇರೆ ಯಾವ ಮಾತೂ ತಟ್ಟದಿದ್ದರೂ ಈ ಅಂಕಿ ತಟ್ಟಿತು. ವಾರಕ್ಕೊಂದು ದಿನ ಬದಲಿ ಗಾರ್ಡ್ ಕೊಡಿ, ಇಲ್ಲವೇ ಉತ್ಪಾದನೆ ಮಾತ್ರ ನಡೆಯುವ ಸದ್ದಿಲ್ಲದ ಗೇಟಿಗೆ ಹಾಕಿ ಎಂದು ಡೀಸೆಲ್ ತರುವ ಸೂಪರ್‌ವೈಸರ್ ಬಳಿ ಬಾಯಿಬಿಟ್ಟು ಕೇಳಲು ಹೇಳಿದೆ. ಕೇಳಿದರೆ ಕೆಲಸ ಹೋಗುತ್ತದೆಂಬ ಭಯ ಇಬ್ಬರಿಗೂ. ಬದಲಿ ಗಾರ್ಡ್ ಸಿಗಲಿಲ್ಲ, ಗೇಟು ಸಿಕ್ಕಿತು, ದಿನಕ್ಕೆ 25 ಡಾಲರ್ ಕಡಿಮೆಗೆ.

ಪುಸ್ತಕದ ವಿಚಾರದಲ್ಲಿ, ಬರೆಯುವುದನ್ನು ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಬರೆಯಬೇಕೆನಿಸಿದಾಗ ಬೇರೆ ನೋಟ್‌ಬುಕ್ಕಿನಲ್ಲಿ, ಆ ಹೊತ್ತಿಗೆ ಗಂಡನಿಗೆ ಹೇಳಬೇಕೆನಿಸಿದ ಮಾತನ್ನು ಬರೆಯಿರಿ ಎಂದೆ. ಮೊದಲ ವಾರದ ಹಾಳೆಗಳಲ್ಲಿ ಇದ್ದದ್ದು ಬಹುಪಾಲು ದುಡ್ಡಿನ ಮಾತು: ಟ್ರಕ್ಕಿನ ಗೇರ್‌ಬಾಕ್ಸ್, ಹಲ್ಲಿನ ಖರ್ಚು, ಕಟ್ಟದ ತೆರಿಗೆ. ಗುತ್ತಿಗೆದಾರರಿಗೆ ಕಂಪನಿ ತೆರಿಗೆ ಹಿಡಿಯುವುದಿಲ್ಲ. ಆದಾಯ ತೆರಿಗೆಯಲ್ಲದೆ 15.3 ಶೇಕಡ ಸ್ವಉದ್ಯೋಗ ತೆರಿಗೆಯನ್ನು ತಾವೇ, ವರ್ಷಕ್ಕೆ ನಾಲ್ಕು ಕಂತಿನಲ್ಲಿ ಕಟ್ಟಬೇಕು. ಇದನ್ನು ರೇ ಒಬ್ಬರೇ ತಲೆಗೆ ಹಚ್ಚಿಕೊಂಡು, ಹೆಂಡತಿಗೆ ಹೇಳದೆ ಒಂದು ವರ್ಷ ಮುಂದೂಡಿದ್ದರು. ‘ಇನ್ನು ಸ್ವಲ್ಪ ದಿನ’ ಎಂದು ಆತ ಕೆಲಸ ಎಳೆಯುತ್ತಿದ್ದುದು ಈ ಬಾಕಿಗಾಗಿ. ಕಂತು ಮಾಡಿಸಿಕೊಳ್ಳಲು ಲೆಕ್ಕಪತ್ರದವರ ಬಳಿ ಇಬ್ಬರೂ ಒಟ್ಟಿಗೆ ಹೋಗಬೇಕೆಂಬುದೇ ನನ್ನ ಷರತ್ತಾಗಿತ್ತು. ಹೋದರು.

ಆಕೆಯ ನಿದ್ದೆ ಈಗ ಆರು ಗಂಟೆಯ ಮೇಲೆ ದಾಟಿದೆ, ಏಳದೇ ಇದ್ದರೆ ಚೆನ್ನ ಎಂಬ ಯೋಚನೆ ಬರುತ್ತಿಲ್ಲ. ಕೆಲಸ ಯಾವತ್ತು ಬಿಡುವುದು ಎಂಬುದು ಮಾತ್ರ ಇತ್ಯರ್ಥವಾಗಿಲ್ಲ. ಆಕೆಗೆ ಕ್ಯಾಲೆಂಡರಿನಲ್ಲಿ ಒಂದು ತಾರೀಖು ಬೇಕು; ಆತನಿಗೆ 65 ತುಂಬಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಸಿಗುವವರೆಗೆ ಕಾಯಬೇಕು. ಮುಂದಿನ ಸಲ ಅದೊಂದನ್ನೇ ಎತ್ತಿಕೊಳ್ಳುವುದೆಂದೂ, ಆ ಒಂದು ಗಂಟೆ ಗೇಟು ನೋಡಿಕೊಳ್ಳಲು ಪಕ್ಕದ ಗೇಟಿನ ದಂಪತಿಯನ್ನು ಕೇಳುವುದೆಂದೂ ಒಪ್ಪಿಕೊಂಡಿದ್ದೇವೆ.