ಎಲೆಕೋಸು ನಮ್ಮ ಬಯಲುಸೀಮೆಯಲ್ಲಿ ಏಕೆ ಹೂ ಬಿಡುವುದಿಲ್ಲ?

ಅದಕ್ಕೆ ಬೇಕಾದಷ್ಟು ದಿನ ಚಳಿ ಸಿಗುವುದಿಲ್ಲ. ಎಲೆಕೋಸಿನ ಗಿಡ ತುಸು ಬಲಿತ ಮೇಲೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಹಲವು ವಾರ ಕಳೆಯಬೇಕು. ಒಂದೆರಡು ರಾತ್ರಿಯ ಕೊರೆತ ಸಾಲದು.

ಗುಟ್ಟು ಇರುವುದು ಎಫ್‌ಎಲ್‌ಸಿ ಎಂಬ ಜೀನ್‌ನಲ್ಲಿ. ಅದು ತಯಾರಿಸುವ ಪ್ರೋಟೀನು ಹೂ ಬಿಡಿಸುವ ಜೀನ್‌ಗಳನ್ನು ತಡೆದು ಹಿಡಿಯುತ್ತದೆ. ಕೋಸಿನಂತೆಯೇ ಸಾಸಿವೆ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯದಲ್ಲಿ ವಿಜ್ಞಾನಿಗಳು ಇದನ್ನು ಕೂಲಂಕಷವಾಗಿ ನೋಡಿದ್ದಾರೆ. ಚಳಿ ವಾರಗಟ್ಟಲೆ ಮುಂದುವರಿದಂತೆ ಒಂದೊಂದೇ ಜೀವಕೋಶದಲ್ಲಿ ಈ ಜೀನ್‌ಗೆ ಬೀಗ ಬೀಳುತ್ತದೆ. ಅದಿರುವ ಡಿಎನ್ಎ ಭಾಗ ಬಿಗಿಯಾಗಿ ಸುತ್ತಿಕೊಂಡು ಕೆಲಸ ನಿಲ್ಲಿಸುತ್ತದೆ. ಚಳಿ ಹೆಚ್ಚು ದಿನ ಇದ್ದಷ್ಟೂ ಬೀಗ ಬಿದ್ದ ಕೋಶಗಳು ಹೆಚ್ಚು. ಗಿಡ ಚಳಿಗಾಲವನ್ನು ಅಳೆಯುವುದು ಹೀಗೆ. ನನಗೆ ಅತ್ಯಂತ ಸೊಗಸೆನಿಸುವುದು ಮುಂದಿನ ಹಂತ: ಬಿಸಿಲು ಮರಳಿದರೂ, ಕೋಶಗಳು ಒಡೆದು ಎರಡಾದರೂ ಆ ಬೀಗ ಕಳಚುವುದಿಲ್ಲ. ವಸಂತ ಬಂದಾಗ ಕೋಸಿನ ಉಂಡೆ ಸೀಳಿಕೊಂಡು ದಂಟು ಮೇಲೇಳುತ್ತದೆ, ತುದಿಯಲ್ಲಿ ಹಳದಿ ಹೂ ಅರಳುತ್ತದೆ. ಬೀಜ ಕಟ್ಟುವಾಗ ಮಾತ್ರ ಬೀಗ ತೆರೆಯುವುದರಿಂದ ಪ್ರತಿ ಪೀಳಿಗೆಯೂ ತನ್ನದೇ ಚಳಿಗಾಲವನ್ನು ಕಾಣಬೇಕು.

ಇಂಥ ತಳಿಗಳ ಬೀಜವನ್ನು ಹಿಮಾಚಲ ಪ್ರದೇಶದ ಕುಲ್ಲು ಕಣಿವೆಯಂಥ ತಂಪು ನೆಲದಲ್ಲಿ ಬೆಳೆಯುವುದು ಇದೇ ಕಾರಣಕ್ಕೆ.