ಲ್ಯಾಪ್‌ಟಾಪ್ ಹಳೇದು, ಮದುವೆ ವಿಡಿಯೋ ಮೂರು ಗಂಟೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಊರು ಮಾತ್ರ ಬೇರೆ ಬೇರೆ.

ಪ್ರಶ್ನೆ: ತಂಗಿಯ ಮದುವೆಯನ್ನು ಫೋನಿನಲ್ಲೇ 4ಕೆಯಲ್ಲಿ ಶೂಟ್ ಮಾಡಿದ್ದೇನೆ. 8 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಇದೆ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿ ನೋಡಿದೆ, ವಿಡಿಯೋ ನಿಂತು ನಿಂತು ಓಡುತ್ತದೆ. ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ತಗೊಳ್ಳಲಾ?

ಬೇಡ. ದುಡ್ಡು ಕೊಟ್ಟಿದ್ದೂ ಹಾಗೇ ನಿಂತು ನಿಂತು ಓಡುತ್ತದೆ. ರಿಸಾಲ್ವ್ ಒಳ್ಳೇದೇ. ಉಚಿತ ಆವೃತ್ತಿಯಲ್ಲೇ 4ಕೆ, ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ವರೆಗೆ ಎಕ್ಸ್‌ಪೋರ್ಟ್ ಆಗುತ್ತದೆ. ಆದರೆ ಅದಕ್ಕೆ 16 ಜಿಬಿ ರ‍್ಯಾಮ್, ಜೊತೆಗೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬೇಕು. ನಿಮ್ಮ ಲ್ಯಾಪ್‌ಟಾಪ್‌ಗೆ ಅದು ಭಾರ.

ಇನ್ನೊಂದು ಕಾರಣ ಫೋನಿನಲ್ಲೇ ಇದೆ. ಜಾಗ ಉಳಿಸಲು ಫೋನು ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಹಿಂದಿನ ಫ್ರೇಮಿಗಿಂತ ಏನು ಬದಲಾಯಿತು ಅನ್ನುವುದನ್ನಷ್ಟೇ ಬರೆಯುತ್ತದೆ. ನೀವು ಟೈಮ್‌ಲೈನ್‌ನಲ್ಲಿ ಎಲ್ಲಿ ಕ್ಲಿಕ್ ಮಾಡಿದರೂ ಆ ಲೆಕ್ಕವನ್ನೆಲ್ಲ ಪಾಪ ಆ ಲ್ಯಾಪ್‌ಟಾಪ್ ಬಿಡಿಸಬೇಕು.

ಶಾಟ್‌ಕಟ್ ಅನ್ನುವ ಎಡಿಟರ್ ಹಾಕಿಕೊಳ್ಳಿ. ಪೂರ್ತಿ ಉಚಿತ, ವಾಟರ್‌ಮಾರ್ಕ್ ಇಲ್ಲ. ಸೆಟ್ಟಿಂಗ್ಸ್ ಮೆನುವಿನಲ್ಲಿ ಪ್ರಾಕ್ಸಿ ಅಂತ ಇದೆ, ಆನ್ ಮಾಡಿ. ಪ್ರತಿ ಕ್ಲಿಪ್ಪಿಗೂ ಅದು ಒಂದು ಹಗುರ ಪ್ರತಿ ಮಾಡಿಕೊಳ್ಳುತ್ತದೆ. ಅದು ಮುಗಿಯುವ ತನಕ ಕಾಯಿರಿ, ಬೇಕಿದ್ದರೆ ರಾತ್ರಿ ಹಚ್ಚಿ ಮಲಗಿ. ನೀವು ಕತ್ತರಿಸುವುದು ಹಗುರ ಪ್ರತಿಯನ್ನು, ಕೊನೆಗೆ ಎಕ್ಸ್‌ಪೋರ್ಟ್ ಆಗುವುದು ಅಸಲಿ 4ಕೆ. ಕೆಡೆನ್‌ಲೈವ್ ಅನ್ನುವ ಇನ್ನೊಂದು ಉಚಿತ ಎಡಿಟರಿನಲ್ಲೂ ಈ ಸೌಲಭ್ಯ ಇದೆ.

ಇದರ ಬೆನ್ನಿಗೇ ನೀವು ಕೇಳುವ ಪ್ರಶ್ನೆಯೂ ನನಗೆ ಗೊತ್ತು: 'ಸರ್, ಸೌಂಡ್ ಹಿಂದೆ ಬೀಳ್ತಿದೆ.' ಗಟ್ಟಿಮೇಳದ ಹೊತ್ತಿಗೆ ಡೋಲಿನ ಮೇಲೆ ಕೋಲು ಬೀಳುತ್ತದೆ, ಸದ್ದು ಆಮೇಲೆ ಬರುತ್ತದೆ, ಅಲ್ವಾ? ಫೋನು ಸೆಕೆಂಡಿಗೆ 30 ಫ್ರೇಮು ಅಂದರೂ ಅದು ಯಾವಾಗಲೂ 30 ಇರುವುದಿಲ್ಲ. ಮಂಟಪದಲ್ಲಿ ಬೆಳಕು ಕಡಿಮೆಯಾದರೆ ಇಳಿಯುತ್ತದೆ. ಸೌಂಡ್ ಮಾತ್ರ ಅದರ ಪಾಡಿಗೆ ಓಡುತ್ತದೆ. ಕ್ಲಿಪ್ ಉದ್ದವಾದಷ್ಟೂ ಅಂತರ ಬೆಳೆಯುತ್ತದೆ. ಶಾಟ್‌ಕಟ್ ಇಂಥ ಕ್ಲಿಪ್ ಕಂಡರೆ 'ಕನ್ವರ್ಟ್ ಮಾಡಲಾ?' ಅಂತ ಕೇಳುತ್ತದೆ. ನೀವು ಓದದೇ ಕ್ಯಾನ್ಸಲ್ ಒತ್ತುತ್ತೀರಿ. ಒತ್ತಬೇಡಿ. ಅಥವಾ ಮೊದಲೇ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ಗೆ ಹಾಕಿ, 'ಕಾನ್ಸ್ಟಂಟ್ ಫ್ರೇಮ್‌ರೇಟ್' ಆಯ್ಕೆ ಮಾಡಿ ತೆಗೆಯಿರಿ. ಸಾಲಾಗಿ ಕ್ಯೂ ಹಚ್ಚಬಹುದು.

ಮತ್ತೆ, ಮೂರು ಗಂಟೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ. ಊಟದ ಪಂಕ್ತಿಯನ್ನು ಪೂರ್ತಿ ನೋಡುವವರು ಯಾರೂ ಇಲ್ಲ.

ಪ್ರಶ್ನೆ: ಟೈಟಲ್‌ನಲ್ಲಿ ಕನ್ನಡ ಒತ್ತಕ್ಷರ ಒಡೆದುಹೋಗುತ್ತದೆ.

ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸುವುದು ಬಿಡಿ. ಯೂನಿಕೋಡ್‌ನಲ್ಲಿ ಬರೆದು ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಹಾಕಿ. ಆಗಲೂ ಒಡೆದರೆ ತಪ್ಪು ಎಡಿಟರಿನದು. ಗಿಂಪ್ ಅನ್ನುವ ಉಚಿತ ಫೋಟೋ ಎಡಿಟರಿನಲ್ಲಿ ಹೆಸರು ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ಮೇಲಿನ ಟ್ರ್ಯಾಕ್‌ನಲ್ಲಿ ಕೂರಿಸಿ. ನಾನಂತೂ ಈಗ ಎಲ್ಲ ಟೈಟಲನ್ನೂ ಹೀಗೇ ಮಾಡುವುದು. ವಧುವಿನ ಹೆಸರು 'ಲಕ್ಷ್ಮಿ' ಆಗಿದ್ದರೆ ಗೊತ್ತಾಗುತ್ತದೆ ಕಷ್ಟ.

ಪ್ರಶ್ನೆ: ದುಡ್ಡು ಕೊಡಬೇಕಾದ ಎಡಿಟರಿನ ಫುಲ್ ವರ್ಷನ್ ಕ್ರ್ಯಾಕ್ (ಕದ್ದ ಪ್ರತಿ) ಸಿಕ್ಕಿದೆ, 'ಆ್ಯಂಟಿವೈರಸ್ ಆಫ್ ಮಾಡಿ' ಅನ್ನುತ್ತದೆ. ಮಾಡಲಾ?

ಕಳ್ಳ ಬಂದು 'ನಾಯಿ ಕಟ್ಟಿಹಾಕಿ' ಅಂದರೆ ಕಟ್ಟುತ್ತೀರಾ? ನಾನು ಒಮ್ಮೆ ಕಟ್ಟಿದ್ದೆ. ಬೆಳಗ್ಗೆ ನೋಡಿದರೆ ಪ್ರತಿ ಫೈಲಿನ ಹೆಸರಿಗೂ ಒಂದು ಬಾಲ ಅಂಟಿಕೊಂಡಿತ್ತು, ಒಂದೂ ತೆರೆಯಲಿಲ್ಲ. ಫೋಲ್ಡರಿನಲ್ಲಿ ದುಡ್ಡು ಕೇಳುವ ಒಂದು ಚೀಟಿ. ಎರಡು ಮನೆಯವರ ಮದುವೆ ವಿಡಿಯೋ ಹೋಯಿತು. ಅವರ ಎದುರು ನಿಂತು ಹೇಳಿದ್ದು ಈಗಲೂ ನೆನಪಿದೆ. ಹಾಗಾಗಿ ಈ ವಿಷಯದಲ್ಲಿ ನನ್ನ ಹತ್ತಿರ ಚರ್ಚೆ ಇಲ್ಲ.

ಪ್ರಶ್ನೆ: 'ಏಳು ದಿನದಲ್ಲಿ ಎಡಿಟರ್' ಕೋರ್ಸ್ ಹೇಗೆ?

ಏಳು ದಿನ ಶಾಟ್‌ಕಟ್ ಮುಂದೆ ಕೂತರೂ ಅಷ್ಟೇ ಬರುತ್ತದೆ, ಪುಕ್ಕಟೆ.

ಪ್ರಶ್ನೆ: ಅಜ್ಜನ ಮಸುಕು ಫೋಟೋವನ್ನು ಎಐ ಆ್ಯಪ್‌ಗೆ ಹಾಕಿದೆ. ಸ್ಪಷ್ಟವಾಗಿದೆ, ಆದರೆ ಅಜ್ಜನ ಥರ ಇಲ್ಲ.

ಅದು ನಿಮ್ಮ ಅಜ್ಜ ಅಲ್ಲ. ಫೋಟೋದಲ್ಲಿ ಇಲ್ಲದ್ದನ್ನು ಆ್ಯಪ್ ಊಹಿಸಿ ಬರೆದಿದೆ. ಅಸಲಿ ಫೋಟೋವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ, ಗಿಂಪ್‌ನ ಹೀಲ್ ಟೂಲ್‌ನಿಂದ ಗೀರು, ಕಲೆ ತೆಗೆಯಿರಿ. ಮುಖಕ್ಕೆ ಮಾತ್ರ ಕೈ ಹಚ್ಚಬೇಡಿ.