'ಚೀನಾದವರೇ ಹೀಗೆ' ಅನ್ನುವ ಮುಂಚೆ

ಚೀನಾದ ಸುಝೌ ನಗರದಿಂದ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು:

"ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ. ಶನಿವಾರ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಹೊರದೇಶದವರೆಲ್ಲ ಒಂದು ಕಡೆ ಸೇರುತ್ತೇವೆ. ಜರ್ಮನಿಯವರು, ಬ್ರೆಜಿಲ್‌ನವರು, ಫಿಲಿಪ್ಪೀನ್ಸ್‌ನ ಟೀಚರ್, ಒಂದಷ್ಟು ಭಾರತೀಯರು. ವಾರದ ಸ್ಥಳೀಯ ಸುದ್ದಿಗಳೆಲ್ಲ ಮಾತಿಗೆ ಬರುತ್ತವೆ. ಯಾವ ಸುದ್ದಿಯಿಂದ ಶುರುವಾದರೂ ಕೊನೆಗೆ 'ಈ ಜನವೇ ಹೀಗೆ' ಅಂತಲೇ ಮುಗಿಯುತ್ತದೆ. ಬಿದ್ದ ಮುದುಕರನ್ನು ಯಾರೂ ಎತ್ತಲ್ಲ. ಸಂಜೆಯಾದರೆ ಸ್ಪೀಕರ್ ಹಾಕಿಕೊಂಡು ಹೆಂಗಸರು ರಸ್ತೆ ಪಕ್ಕ ಕುಣಿಯುತ್ತಾರೆ. ಚಳಿಗಾಲದಲ್ಲಿ ಮನೆಯೊಳಗೂ ಕೋಟು ಹಾಕಿ ಕೂರುತ್ತಾರೆ. ಮೊನ್ನೆ ಕೂಟಕ್ಕೆ ನನ್ನ ಚೀನೀ ಸಹೋದ್ಯೋಗಿಯೊಬ್ಬ ಬಂದಿದ್ದ. ಎಲ್ಲ ಕೇಳಿಸಿಕೊಂಡು, ಏನೂ ಹೇಳದೆ ಎದ್ದು ಹೋದ. ಅವತ್ತಿನಿಂದ ಮನಸ್ಸಿಗೆ ಒಂಥರಾ ಕಿರಿಕಿರಿ. ನಾನು ಅಲ್ಲಿಗೆ ಹೋಗುವುದನ್ನು ಬಿಡಬೇಕೇ? ಹಾಗೆ ನೋಡಿದರೆ ನಿಮ್ಮ ಪತ್ರಿಕೆಗಳಲ್ಲಿ ಚೀನಾ ಬಗ್ಗೆ ಬರುವುದೂ ಇದೇ ಥರ ಅಲ್ವಾ?"

ಪ್ರಿಯ ಓದುಗರೇ,

ಬಿಡಬೇಡಿ. ಪರದೇಶದಲ್ಲಿ ಹರಟೆ ಹೊಡೆಯಲು ನಾಲ್ಕು ಜನ ಸಿಗುವುದೇ ಪುಣ್ಯ. ಅದರಲ್ಲೂ ಚೀನಾದಂಥ ಕಡೆ. 2020ರ ಜನಗಣತಿಯಲ್ಲಿ ಅಲ್ಲಿ ವಾಸವಿದ್ದ ಹೊರದೇಶದವರು ಸುಮಾರು 8 ಲಕ್ಷ 45 ಸಾವಿರ. ಚೀನಾದ ಒಟ್ಟು ಜನಸಂಖ್ಯೆ 141 ಕೋಟಿ. ಅಂದರೆ ಹೊರದೇಶದವರನ್ನೆಲ್ಲ ಒಟ್ಟು ಹಾಕಿದರೂ ಒಂದು ಹುಬ್ಬಳ್ಳಿ-ಧಾರವಾಡ ತುಂಬುವುದಿಲ್ಲ. ಹೀಗಿರುವಾಗ ಸಿಕ್ಕವರು ಸಿಕ್ಕವರ ಜೊತೆ ಅಂಟಿಕೊಳ್ಳುವುದು ಸಹಜ. ವ್ಯವಸ್ಥೆಯೂ ಹಾಗೇ ಇದೆ. ಮನೆ ಸೇರಿದ 24 ಗಂಟೆಯೊಳಗೆ ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕು. ಹೊರದೇಶದವರ ಮಕ್ಕಳಿಗೆಂದೇ ಇರುವ ಶಾಲೆಗಳಲ್ಲಿ ಚೀನೀ ಪ್ರಜೆಗಳ ಮಕ್ಕಳಿಗೆ ಪ್ರವೇಶವಿಲ್ಲ. ಹಾಗಾಗಿ ಮಕ್ಕಳ ಮೂಲಕ ಆಗಬೇಕಿದ್ದ ಪರಿಚಯವೂ ಆಗುವುದಿಲ್ಲ. ನಿಮಗೆ ಗೊತ್ತಿರುವ ಸ್ಥಳೀಯರು ಅಂದರೆ ಕಾರಿನ ಡ್ರೈವರ್, ಮನೆಕೆಲಸದಾಕೆ, ಆಫೀಸಿನಲ್ಲಿ ಇಂಗ್ಲಿಷ್ ಬರುವ ಇಬ್ಬರು ಮೂವರು. ಸುದ್ದಿಯೂ ಇಂಗ್ಲಿಷಿನಲ್ಲಿ ಬಂದಷ್ಟೇ, ಇಲ್ಲವೇ ಅಲ್ಲಿನ ವಾಟ್ಸ್‌ಆ್ಯಪ್‌ನಂಥ ವೀಚಾಟ್ ಅನುವಾದ ಮಾಡಿ ಕೊಟ್ಟಷ್ಟೇ. ಇಷ್ಟನ್ನು ಇಟ್ಟುಕೊಂಡು 141 ಕೋಟಿ ಜನರ ಗುಣ ನಿರ್ಧರಿಸುವುದು ಸ್ವಲ್ಪ ಜಾಸ್ತಿಯಾಯಿತು, ಅಷ್ಟೇ.

ನೀವು ಬರೆದ ಮೂರು ಸುದ್ದಿಗಳಲ್ಲಿ ಮೊದಲನೆಯದರ ಬಗ್ಗೆ ನನಗೆ ಹೇಳಲು ಬೇಕಾದಷ್ಟಿದೆ.

ಬಿದ್ದವರನ್ನು ಎತ್ತಲು ಚೀನಾದಲ್ಲಿ ಜನ ಹಿಂಜರಿಯುತ್ತಾರೆ ಎಂಬ ಮಾತು ಸುಳ್ಳಲ್ಲ. ಅದು ಎಲ್ಲಿಂದ ಬಂತು ನೋಡಿ. 2006ರ ನವೆಂಬರ್‌ನಲ್ಲಿ, ನಿಮ್ಮ ಸುಝೌದಿಂದ ದೂರವೇನಲ್ಲದ ನಾನ್‌ಜಿಂಗ್‌ನಲ್ಲಿ, ಬಸ್ ಸ್ಟಾಪಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಪಂಗ್ ಯೂ ಎಂಬ ಯುವಕ ಅವರನ್ನು ಎತ್ತಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕೈಯಿಂದ ಒಂದಿಷ್ಟು ದುಡ್ಡನ್ನೂ ಕೊಟ್ಟ. ಆಮೇಲೆ ಆ ಹೆಂಗಸು, ನನ್ನನ್ನು ಬೀಳಿಸಿದವನೇ ಇವನು ಎಂದು ಕೇಸು ಹಾಕಿದರು. 2007ರಲ್ಲಿ ಅಲ್ಲಿನ ಕೋರ್ಟು 45 ಸಾವಿರ ಯುವಾನ್‌ಗೂ ಹೆಚ್ಚು ಹಣ ಕೊಡುವಂತೆ ಅವನಿಗೆ ಆದೇಶ ಮಾಡಿತು. ದೇಶಕ್ಕೆ ದೇಶವೇ ಬೆಚ್ಚಿದ್ದು ಆ ಮೊತ್ತಕ್ಕಲ್ಲ, ತೀರ್ಪಿನ ತರ್ಕಕ್ಕೆ. ಡಿಕ್ಕಿ ಹೊಡೆಯದವನು ಇಷ್ಟೆಲ್ಲ ಮುತುವರ್ಜಿ ವಹಿಸುವುದು ಸಹಜವಲ್ಲ ಎಂಬ ಧಾಟಿಯಲ್ಲಿತ್ತು ಅದು. ಸಹಾಯ ಮಾಡಿದ್ದೇ ತಪ್ಪಿಗೆ ಸಾಕ್ಷಿ! ಇಂಥ ತೀರ್ಪು ಓದಿದ ಮೇಲೆ ಯಾರು ತಾನೇ ಕೈ ಚಾಚುತ್ತಾರೆ?

ಇದರ ಹಿಂದೆ ಇನ್ನೊಂದು ಲೆಕ್ಕವೂ ಇದೆ. ಚೀನಾದ ನಗರಗಳಲ್ಲಿ ನೌಕರಿ ಇಲ್ಲದವರಿಗೆ ಸರ್ಕಾರಿ ಆರೋಗ್ಯ ವಿಮೆ ಪ್ರಯೋಗವಾಗಿ ಶುರುವಾದದ್ದೇ 2007ರಲ್ಲಿ. ವಯಸ್ಸಾದವರ ಮೂಳೆ ಮುರಿದರೆ ಖರ್ಚಿಗೆ ಯಾರನ್ನಾದರೂ ಹುಡುಕಬೇಕಾದ ಸ್ಥಿತಿ ಎಷ್ಟೋ ಮನೆಗಳದು. ಹತ್ತಿರ ಇದ್ದವನೇ ಸಿಕ್ಕಿಬಿದ್ದ ಎಂದರೆ ಆಶ್ಚರ್ಯವೇನು?

ತಮಾಷೆಯೆಂದರೆ, ಕಥೆ ಅಲ್ಲಿಗೇ ಮುಗಿಯಲಿಲ್ಲ. ಮೇಲ್ಮನವಿ ಹಂತದಲ್ಲಿ ಎರಡೂ ಕಡೆಯವರು ಗುಟ್ಟಾಗಿ ರಾಜಿ ಮಾಡಿಕೊಂಡಿದ್ದರು. ಆ ಹೆಂಗಸಿಗೆ ತಾನು ತಾಗಿದ್ದು ನಿಜ ಎಂದು ಪಂಗ್ ಯೂ ಒಪ್ಪಿಕೊಂಡಿದ್ದಾನೆ ಎಂಬ ಸಂಗತಿಯನ್ನು ಅಧಿಕಾರಿಗಳು 2012ರಲ್ಲಿ ಹೊರಗೆ ಹಾಕಿದರು. ಅಷ್ಟು ಹೊತ್ತಿಗೆ ಐದು ವರ್ಷ ಕಳೆದಿತ್ತು. ಕೋಟ್ಯಂತರ ಜನ 'ಎತ್ತಿದರೆ ಕೆಟ್ಟೆ' ಎಂಬ ಪಾಠ ಕಲಿತು ಆಗಿತ್ತು. ಈ ನಡುವೆ, 2011ರ ಅಕ್ಟೋಬರ್‌ನಲ್ಲಿ ಫೋಶಾನ್ ನಗರದಲ್ಲಿ ಎರಡು ವರ್ಷದ ಮಗುವೊಂದರ ಮೇಲೆ ವ್ಯಾನ್ ಹರಿಯಿತು. 18 ಜನ ನೋಡಿಯೂ ಪಕ್ಕದಲ್ಲೇ ಹಾದು ಹೋದದ್ದು ಕ್ಯಾಮೆರಾದಲ್ಲಿ ಸೆರೆಯಾಯಿತು. ಮಗುವನ್ನು ಕೊನೆಗೆ ಎತ್ತಿಕೊಂಡದ್ದು ಚಿಂದಿ ಆಯುವ ಹೆಂಗಸು. ಮಗು ಉಳಿಯಲಿಲ್ಲ. ನಿಮ್ಮ ಕೂಟದವರು ಈಗ ಆಡುತ್ತಿರುವ ಮಾತನ್ನು ಆಗ ಚೀನಾದವರೇ ಹತ್ತು ಪಟ್ಟು ಜೋರಾಗಿ ಆಡಿಕೊಂಡರು. ನಮಗೆ ಏನಾಗಿದೆ ಎಂದು ತಮ್ಮನ್ನೇ ಬೈದುಕೊಂಡರು. 2013ರಲ್ಲಿ ಶೆನ್‌ಝೆನ್ ನಗರ ಸಹಾಯ ಮಾಡುವವರ ರಕ್ಷಣೆಗೆ ತನ್ನದೇ ನಿಯಮ ತಂದಿತು. 2017ರ ಅಕ್ಟೋಬರ್‌ನಿಂದ ಇಡೀ ದೇಶಕ್ಕೆ ಕಾನೂನೇ ಬಂತು: ತುರ್ತು ಹೊತ್ತಿನಲ್ಲಿ ತಾನಾಗಿ ಸಹಾಯಕ್ಕೆ ಬಂದವನಿಂದ ಏನಾದರೂ ಹಾನಿಯಾದರೆ ಅವನು ಪರಿಹಾರ ಕೊಡಬೇಕಿಲ್ಲ.

ಈಗ ನಮ್ಮ ಕಡೆ ಬನ್ನಿ. 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್‌ನಲ್ಲಿ ಹೋಗುತ್ತಿದ್ದ 18ರ ಹುಡುಗನಿಗೆ ಬಸ್ಸು ಗುದ್ದಿತು. ರಕ್ತದ ಮಡುವಿನಲ್ಲಿ ಬಿದ್ದು ಅವನು ಸಹಾಯ ಕೇಳುತ್ತಿದ್ದರೆ ಸುತ್ತ ನಿಂತವರು ವಿಡಿಯೊ ಮಾಡುತ್ತಿದ್ದರು. ಹುಡುಗ ಸತ್ತ. ಆಗ ನಾವು ಏನಂದೆವು? ಪೊಲೀಸ್ ಸ್ಟೇಷನ್‌ಗೆ ಅಲೆಯುವ ಭಯ ಅಂದೆವು. ಕೋರ್ಟಿಗೆ ಸಾಕ್ಷಿ ಹೇಳಲು ಯಾರು ಹೋಗ್ತಾರೆ ಅಂದೆವು. ಮೊಬೈಲ್ ಹುಚ್ಚು ಅಂದೆವು. 'ಕನ್ನಡಿಗರ ಸಂಸ್ಕೃತಿಯೇ ಇದು' ಅಂತ ಯಾರೂ ಅನ್ನಲಿಲ್ಲ. ಸಹಾಯಕ್ಕೆ ಬಂದವರನ್ನು ಕಾಡಬಾರದು ಎಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು 2016ರಲ್ಲೇ ಕಾನೂನಿನ ಬಲ ಕೊಟ್ಟಿತ್ತು. ಅದೇ ವರ್ಷ ಕರ್ನಾಟಕ ಇದಕ್ಕೆಂದೇ ಮಸೂದೆ ತಂದಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಇಂಥ ಕಾಯಿದೆ ಮಾಡಿದ ಮೊದಲ ರಾಜ್ಯ ನಮ್ಮದೇ. ಚೀನಾ ಮತ್ತು ಕರ್ನಾಟಕ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೇ ಕಾಯಿಲೆಗೆ ಒಂದೇ ಮದ್ದು ಹುಡುಕುತ್ತಿದ್ದವು. ನಮ್ಮವರು ಮಾಡಿದರೆ ಕಾರಣ ಹುಡುಕುತ್ತೇವೆ, ಅವರು ಮಾಡಿದರೆ ಹುಟ್ಟುಗುಣ ಅನ್ನುತ್ತೇವೆ. ನಿಮ್ಮ ಕಿರಿಕಿರಿಯ ಮೂಲ ಇಲ್ಲಿದೆ ಅಂತ ನನ್ನ ಅಂದಾಜು.

ಇನ್ನು ಕುಣಿಯುವ ಹೆಂಗಸರು. ಸಂಜೆ ಏಳರ ಹೊತ್ತಿಗೆ ಚಕ್ರದ ಸ್ಪೀಕರ್ ಎಳೆದುಕೊಂಡು ಬಂದು, ಸಾಲಾಗಿ ನಿಂತು, ಮುಂದಿನ ಸಾಲಿನಲ್ಲಿ ಹೆಜ್ಜೆ ಗೊತ್ತಿದ್ದವರು, ಹಿಂದೆ ಈಗಷ್ಟೇ ಕಲಿಯುವವರು. ಅವರ ವಯಸ್ಸು ಗಮನಿಸಿದ್ದೀರಾ? ಚೀನಾದಲ್ಲಿ ಕಾರ್ಖಾನೆಯ ಹೆಂಗಸರಿಗೆ 50ಕ್ಕೇ ನಿವೃತ್ತಿ, ಆಫೀಸಿನವರಿಗೆ 55ಕ್ಕೆ. ಗಂಡಸರಿಗೆ 60. ದಶಕಗಳ ಕಾಲ ಇದೇ ನಿಯಮ. 2025ರ ಜನವರಿಯಿಂದಷ್ಟೇ ಇದನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಿದ್ದಾರೆ, ಹೆಂಗಸರಿಗೆ 55 ಮತ್ತು 58, ಗಂಡಸರಿಗೆ 63 ಮುಟ್ಟಲು 15 ವರ್ಷ ಹಿಡಿಯುತ್ತದೆ. ಇದರ ಜೊತೆಗೆ, 1990ರ ದಶಕದ ಕೊನೆಯಲ್ಲಿ ಸರ್ಕಾರಿ ಕಾರ್ಖಾನೆಗಳು ಮುಚ್ಚಿ ಕೋಟಿಗಟ್ಟಲೆ ಜನ ಕೆಲಸ ಕಳೆದುಕೊಂಡರು. ಮನೆಗೊಂದೇ ಮಗು, ಅದೂ ಬೆಳೆದು ಬೇರೆ ಊರಿಗೆ ಹೋಗಿದೆ. ಮನೆ ಚಿಕ್ಕದು. ಕೈಕಾಲು ಗಟ್ಟಿಯಿರುವ ಐವತ್ತರ ಹೆಂಗಸು ಸಂಜೆ ಏನು ಮಾಡಬೇಕು? ಬಯಲಿಗೆ ಬರುತ್ತಾಳೆ. ಖರ್ಚಿಲ್ಲ, ಜೊತೆ ಇದೆ.

ಸದ್ದಿನ ವಿಚಾರಕ್ಕೆ ಬಂದರೆ, ತಲೆ ಕೆಟ್ಟಿರುವುದು ನಿಮ್ಮ ಜರ್ಮನ್ ಗೆಳೆಯರಿಗೆ ಮಾತ್ರ ಅಂದುಕೊಳ್ಳಬೇಡಿ. 2014ರಲ್ಲಿ ವೆನ್‌ಝೌ ನಗರದ ಒಂದು ಬಡಾವಣೆಯವರು ಕುಣಿತದ ಸದ್ದಿಗೆ ಬೇಸತ್ತು, 2 ಲಕ್ಷ 60 ಸಾವಿರ ಯುವಾನ್ ಒಟ್ಟುಹಾಕಿ ಭಾರೀ ಧ್ವನಿವರ್ಧಕಗಳನ್ನು ಕೊಂಡರು. ಅವನ್ನು ಬಯಲಿನ ಕಡೆ ತಿರುಗಿಸಿ, ಶಬ್ದಮಾಲಿನ್ಯದ ಕಾನೂನು ಪಾಲಿಸಿ, ಕೂಡಲೇ ನಿಲ್ಲಿಸಿ ಎಂದು ಮತ್ತೆ ಮತ್ತೆ ಕೂಗಿಸಿದರು. ಹಾಗಾದರೆ 'ಈ ಜನವೇ ಹೀಗೆ' ಅಂದಾಗ ಯಾವ ಜನ? ಕುಣಿದವರೋ, ಕೂಗಿಸಿದವರೋ? 2022ರ ಹೊಸ ಶಬ್ದಮಾಲಿನ್ಯ ಕಾನೂನು ಇಂಥ ಬಯಲು ಕುಣಿತಕ್ಕೂ ಅನ್ವಯಿಸುತ್ತದೆ. ಆದರೂ ಜಗಳ ಪೂರ್ತಿ ನಿಂತಿಲ್ಲ, ನಮ್ಮ ಗಣಪತಿ ಪೆಂಡಾಲಿನ ಜಗಳ ನಿಂತಿಲ್ಲವಲ್ಲ, ಹಾಗೆ.

ಕೋಟಿನ ವಿಷಯ ಚಿಕ್ಕದು. ಚಿನ್‌ಲಿಂಗ್ ಬೆಟ್ಟಸಾಲು ಮತ್ತು ಹ್ವಾಯ್ ನದಿಯ ಉತ್ತರಕ್ಕೆ ಮಾತ್ರ ಚಳಿಗಾಲದಲ್ಲಿ ಸರ್ಕಾರದ ಸಾಮೂಹಿಕ ಬಿಸಿ ವ್ಯವಸ್ಥೆ ಎಂದು 1950ರ ದಶಕದಲ್ಲಿ ಗೆರೆ ಎಳೆದರು. ಇಂಧನ ಸಾಲದು ಎಂಬ ಕಾರಣಕ್ಕೆ. ಸುಝೌ ಗೆರೆಯ ದಕ್ಷಿಣಕ್ಕಿದೆ. ಹಾಗಾಗಿ ಬೀಜಿಂಗ್‌ನವರು ಜನವರಿಯಲ್ಲಿ ಮನೆಯೊಳಗೆ ತೆಳು ಅಂಗಿಯಲ್ಲಿ ಓಡಾಡುತ್ತಾರೆ, ನಿಮ್ಮ ಪಕ್ಕದ ಮನೆಯವರು ಕೋಟಿನಲ್ಲಿ ನಡುಗುತ್ತಾರೆ.

ಹಾಗಂತ ಎಲ್ಲದಕ್ಕೂ ಕಾನೂನು, ದುಡ್ಡು, ನಿವೃತ್ತಿಯ ವಯಸ್ಸು ಅಂತ ಹೊರಟರೆ ಅದೂ ಒಂದು ಹುಚ್ಚೇ. ಎಷ್ಟೋ ಕಟ್ಟಡಗಳ ಲಿಫ್ಟಿನಲ್ಲಿ 4ನೇ ಮಹಡಿಯ ಗುಂಡಿಯೇ ಇರುವುದಿಲ್ಲ, ಗೋಡೆ ಗಡಿಯಾರವನ್ನು ಉಡುಗೊರೆ ಕೊಡುವಂತಿಲ್ಲ. ಇವಕ್ಕೆಲ್ಲ ನಂಬಿಕೆ ಬಿಟ್ಟರೆ ಬೇರೆ ಕಾರಣ ಬೇಕಿಲ್ಲ, ವಾಸ್ತು ನೋಡಿ ಅಡುಗೆಮನೆ ಒಡೆಸುವ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪರಿಚಯವಾದ ತಕ್ಷಣ ಸಂಬಳ ಎಷ್ಟು, ಮನೆ ಸ್ವಂತದ್ದಾ, ಮಕ್ಕಳೆಷ್ಟು ಅಂತ ಕೇಳುತ್ತಾರೆ ಎಂದು ಪತ್ರದಲ್ಲಿ ಇನ್ನೊಂದು ಕಡೆ ದೂರಿದ್ದೀರಿ. ಜರ್ಮನ್ನರಿಗೆ ಮುಜುಗರವಾದರೆ ಸರಿ. ನಿಮಗೂ ಆಯಿತೇ? ನೀವು ಯಾವ ಊರಿನ ಬಸ್ಸಿನಲ್ಲಿ ಓಡಾಡಿ ಬೆಳೆದಿರಿ ಸ್ವಾಮಿ? ಬಿಸಿನೀರು ಕುಡಿಯುವುದನ್ನೂ ವಿಚಿತ್ರ ಎಂದಿದ್ದೀರಿ. ಬೀಳಗಿಯಲ್ಲೋ ಬಂಟ್ವಾಳದಲ್ಲೋ ನೆಗಡಿಯಾದ ಯಾರನ್ನಾದರೂ ಕೇಳಿ ನೋಡಿ. ಚೀನಾದಲ್ಲಂತೂ 1952ರಲ್ಲಿ ಶುರುವಾದ ಆರೋಗ್ಯ ಆಂದೋಲನದ ಕಾಲದಿಂದ ಸರ್ಕಾರವೇ ನೀರು ಕುದಿಸಿ ಕುಡಿಯಿರಿ ಎಂದು ಹೇಳಿಕೊಂಡು ಬಂದಿದೆ. ರೈಲಿನ ಬೋಗಿಯಲ್ಲೂ ಕುದಿವ ನೀರಿನ ನಲ್ಲಿ ಇರುತ್ತದೆ.

ನನ್ನ ಅನುಮಾನ ಏನು ಗೊತ್ತಾ? ಬಹಳ ದಿನ ಬಿಳಿಯರ ಜೊತೆ ಕೂತು ಅವರ ಕಣ್ಣಿನಿಂದ ಚೀನಾ ನೋಡಲು ಶುರು ಮಾಡಿದ್ದೀರಿ. ಹೊರಗಿನವರ ಗುಂಪಿನಲ್ಲಿ ಇದೊಂದು ಅನುಕೂಲ: ಊರು ಬೇರೆ, ಭಾಷೆ ಬೇರೆ ಆದರೂ 'ಅವರು' ಎನ್ನಲು ಒಬ್ಬರು ಸಿಕ್ಕರೆ ಎಲ್ಲರೂ 'ನಾವು' ಆಗಿಬಿಡುತ್ತಾರೆ. ಇದನ್ನು ಕನ್ನಡಿಗರಿಗೆ ವಿವರಿಸುವ ಅಗತ್ಯವೇ ಇಲ್ಲ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ವಾರಾಂತ್ಯಕ್ಕೆ ಇಂಥದ್ದೇ ಕೂಟ ನಡೆಯುತ್ತದೆ. ಆಟೊದವನು ಮೀಟರ್ ಹಾಕಲಿಲ್ಲ, ಬ್ಯಾಂಕಿನಲ್ಲಿ ಭಾಷೆಯ ಜಗಳವಾಯಿತು, ಬಂದ್ ಕರೆ ಕೊಟ್ಟರು. ಮೂರನ್ನೂ ಸೇರಿಸಿ 'ಇಲ್ಲಿನವರೇ ಹೀಗೆ' ಅಂತ ತೀರ್ಮಾನವಾಗುತ್ತದೆ. ಆ ಕೂಟದಲ್ಲಿ ಒಬ್ಬನೇ ಕನ್ನಡಿಗ ಕೂತಿದ್ದರೆ ಅವನಿಗೆ ಏನನ್ನಿಸುತ್ತದೋ, ನಿಮ್ಮ ಸಹೋದ್ಯೋಗಿಗೂ ಅದೇ ಅನ್ನಿಸಿರಬೇಕು. ವಾದ ಮಾಡಿದರೆ ತಲೆಹರಟೆ ಅನ್ನುತ್ತೀರಿ, ಸುಮ್ನಿದ್ದರೆ ಒಪ್ಪಿಕೊಂಡ ಹಾಗೆ. ಎದ್ದು ಹೋದದ್ದೇ ಸರಿ ಅನ್ನಿಸುತ್ತದೆ ನನಗೆ.

ಅವನನ್ನು ಮತ್ತೆ ಕರೆಯಿರಿ. ದೊಡ್ಡದಾಗಿ ಕ್ಷಮೆ ಕೇಳುವ ನಾಟಕ ಬೇಡ, ಅವನಿಗೂ ಮುಜುಗರ. ಊಟಕ್ಕೆ ಕೂತಾಗ ಒಂದು ಸುದ್ದಿ ಎತ್ತಿಕೊಂಡು, ಇದು ಯಾಕೆ ಹೀಗಾಯಿತು ಎಂದು ಕೇಳಿ. ಅವನ ತಾಯಿಯೇ ಆ ಕುಣಿತದ ಮುಂದಿನ ಸಾಲಿನಲ್ಲಿ ಇರಬಹುದು, ಯಾರಿಗೆ ಗೊತ್ತು. ಒಂದು ಮಾತು ಮಾತ್ರ ನೆನಪಿರಲಿ: ಇಂಥ ಚರ್ಚೆ ಎದುರಾಬದುರು ಕೂತೇ ಆಗಲಿ. ವೀಚಾಟ್ ಗುಂಪಿನಲ್ಲಿ ಏನು ಬಂದರೂ ಗುಂಪು ಮಾಡಿದವರೇ ಹೊಣೆ ಎಂದು 2017ರಿಂದ ನಿಯಮವಿದೆ. ನಿಮ್ಮ ಗುಂಪಿನಲ್ಲಿ ಮಾವಿನಹಣ್ಣು ಎಲ್ಲಿ ಸಿಗುತ್ತದೆ ಎಂಬುದನ್ನು ಬಿಟ್ಟು ಬೇರೆ ಮಾತೇ ಇರುವುದಿಲ್ಲ ಎಂದಿದ್ದೀರಿ. ಜಾಣರು.

ಕೊನೆಗೆ, ನಮ್ಮ ಮೇಲೆ ಎಸೆದ ಕಲ್ಲಿನ ವಿಷಯ. ಪೆಟ್ಟು ಸರಿಯಾಗೇ ಬಿದ್ದಿದೆ. ಕನ್ನಡದಲ್ಲಿ ಚೀನಾ ಅಂದರೆ ಗಡಿ, ಅಗ್ಗದ ಮಾಲು, ಮತ್ತು 'ಅಬ್ಬಾ ಏನು ರಸ್ತೆ, ಏನು ರೈಲು'. ಮೂರರ ಆಚೆ ನಾವು ಹೋಗುವುದೇ ಅಪರೂಪ. ಅಲ್ಲಿ ಕನ್ನಡ ಪತ್ರಿಕೆಗಳ ವರದಿಗಾರರಿಲ್ಲ. ಇಂಗ್ಲಿಷ್ ಪತ್ರಿಕೆಗಳವರಿದ್ದರು. 2023ರಲ್ಲಿ ಎರಡೂ ದೇಶಗಳು ಒಬ್ಬರ ಪತ್ರಕರ್ತರ ವೀಸಾವನ್ನು ಇನ್ನೊಬ್ಬರು ತಡೆದ ಮೇಲೆ ಅವರಲ್ಲೂ ಹೆಚ್ಚಿನವರು ವಾಪಸ್ ಬಂದರು. ಈಗ ನಮಗೆ ಬರುವುದು ಲಂಡನ್, ನ್ಯೂಯಾರ್ಕ್ ಸುತ್ತಿಕೊಂಡು ಬಂದ ಚೀನಾ. ನಿಮ್ಮ ಶನಿವಾರದ ಕೂಟಕ್ಕಿಂತ ಅದು ಮೇಲು ಅಂತ ನಾನು ಎದೆ ತಟ್ಟಿ ಹೇಳಲಾರೆ.

ಆದ್ದರಿಂದ ಒಂದು ಕೆಲಸ ಒಪ್ಪಿಸುತ್ತಿದ್ದೇನೆ. ನಿಮ್ಮ ಅಪಾರ್ಟ್‌ಮೆಂಟಿನ ಎದುರು ಕುಣಿಯುವ ಹೆಂಗಸರಲ್ಲಿ ಇಬ್ಬರನ್ನು ಮಾತಾಡಿಸಿ. ಸಹೋದ್ಯೋಗಿ ಜೊತೆಗಿದ್ದರೆ ಭಾಷೆಯ ತೊಂದರೆಯೂ ಇಲ್ಲ. ಯಾವ ಕಾರ್ಖಾನೆಯಲ್ಲಿದ್ದರು, ಯಾವಾಗ ಬಿಟ್ಟರು, ಪಿಂಚಣಿ ಎಷ್ಟು, ಮಗ ಅಥವಾ ಮಗಳು ಎಲ್ಲಿ, ಯಾವ ಹಾಡು ಇಷ್ಟ. ಸಂಬಳ ಕೇಳಲು ಅಲ್ಲಿ ನಾಚಿಕೆಪಡಬೇಕಿಲ್ಲ ಎಂದು ನೀವೇ ಬರೆದಿದ್ದೀರಿ. ಹೆಸರು ಹಾಕುವುದಾದರೆ, ಫೋಟೊ ತೆಗೆಯುವುದಾದರೆ ಮೊದಲು ಕೇಳಿ. ಎರಡು ಪುಟಕ್ಕೆ ಸಾಕಾಗುವಷ್ಟು ಬರೆದು ಕಳಿಸಿ. ನಿಮ್ಮ ಅಭಿಪ್ರಾಯ ಕಡಿಮೆಯಿರಲಿ, ಅವರ ಮಾತು ಜಾಸ್ತಿಯಿರಲಿ. ಗೌರವಧನ ಕೊಡುತ್ತೇವೆ. ಅದನ್ನು ಯುವಾನ್‌ಗೆ ಬದಲಾಯಿಸಿ ನೋಡಬೇಡಿ, ಬೇಜಾರಾಗುತ್ತದೆ.

– ಸಂ.